ಗಣಿಗೆ ಹಾಕಿದ ಹಳಿ, ಬೆಂಗಳೂರಿಗೆ ಹೋಗುವ ಜನ: ಬಂಗಾರಪೇಟೆ–ಮಾರಿಕುಪ್ಪಂ ರೈಲಿನ ಹಿನ್ನೆಲೆ

ಬೆಂಗಳೂರಿನಲ್ಲಿ ಸಬರ್ಬನ್ ರೈಲು ಯಾವಾಗ ಬರುತ್ತೆ ಅನ್ನೋ ಚರ್ಚೆ ಮುಗಿಯುವಂತೆ ಕಾಣುವುದಿಲ್ಲ. ಇತ್ತ ಕೋಲಾರ ಜಿಲ್ಲೆಯ ತುದಿಯಲ್ಲಿ ಕೆಜಿಎಫ್, ಅಂದರೆ ಕೋಲಾರ ಚಿನ್ನದ ಗಣಿ ಪಟ್ಟಣದ ಜನ ಬೆಳಕು ಹರಿಯುವ ಮುಂಚೆಯೇ ಎದ್ದು, ಮಾರಿಕುಪ್ಪಂನಲ್ಲೋ ಚಾಂಪಿಯನ್‌ನಲ್ಲೋ ಊರಿಗಾಂನಲ್ಲೋ ರೈಲು ಹತ್ತಿ, ಬೆಂಗಳೂರಿನಲ್ಲಿ ದಿನವಿಡೀ ದುಡಿದು ರಾತ್ರಿ ಮನೆಗೆ ಬಂದು ಮಲಗುತ್ತಾರೆ. ಇದು ಇವತ್ತು ನಿನ್ನೆಯದಲ್ಲ. ಇದಕ್ಕೆ ಸಬರ್ಬನ್ ಅಂತ ಯಾರೂ ಹೆಸರಿಡಲಿಲ್ಲ, ಅಷ್ಟೇ. ಈ ಹಳಿ ಹಾಕಿದ್ದು ಇವರಿಗೋಸ್ಕರವೂ ಅಲ್ಲ.

ಮೊದಲು ಬಂದದ್ದು ಮುಖ್ಯ ಮಾರ್ಗ. ಮದ್ರಾಸ್ ರೈಲ್ವೆ ಕಂಪನಿ ಜೋಲಾರ್‌ಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟ್‌ವರೆಗೆ ಹಳಿ ಹಾಕಿ 1864ರಲ್ಲಿ ರೈಲು ಬಿಟ್ಟಿತು. ಆ ಹಳಿ ಕೋಲಾರ ಪಟ್ಟಣದ ಹತ್ತಿರಕ್ಕೂ ಹೋಗಲಿಲ್ಲ, ದಕ್ಷಿಣದಲ್ಲೇ ಸಾಗಿ ಮಾಲೂರು, ಟೇಕಲ್ ದಾಟಿ ಆಚೆ ಹೋಯಿತು. ಆ ದಾರಿಯ ಸ್ಟೇಷನ್ ಸುತ್ತ ಬೆಳೆದ ಊರೇ ಬೌರಿಂಗ್‌ಪೇಟೆ. ಆಗ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರು ಅದಕ್ಕೆ. ಊರು ಬಂಗಾರಪೇಟೆಯಾಗಿ ಎಷ್ಟೋ ಕಾಲವಾಯಿತು, ಆದರೆ ಸ್ಟೇಷನ್ ಕೋಡ್ ಇನ್ನೂ ಬಿಡಬ್ಲ್ಯುಟಿ. ರೈಲ್ವೆಯವರು ಹೆಸರು ಬದಲಾಯಿಸಿದರೂ ಕೋಡ್ ಬದಲಾಯಿಸೋದು ಕಷ್ಟವೇ, ಅಲ್ವಾ?

ಆ ಹೊತ್ತಿಗೆ ಗಣಿಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆದಿರಲಿಲ್ಲ. ಅಲ್ಲಿ ಚಿನ್ನ ಇದೆ ಅನ್ನೋದು ಹಳೆ ಕಾಲದಿಂದಲೂ ಗೊತ್ತಿದ್ದ ವಿಷಯವಾದರೂ, ದೊಡ್ಡ ಮಟ್ಟದಲ್ಲಿ ತೆಗೆಯೋಕೆ ಶುರುವಾದದ್ದು 1880ರ ದಶಕದಲ್ಲಿ, ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೈ ಹಾಕಿದ ಮೇಲೆ. ಆಮೇಲೆ ಎಲ್ಲವೂ ಬೇಗ ಬೇಗ ಆಯಿತು. ಸುರಂಗಗಳು ಇಳಿದವು, ಕಂಪನಿಗಳು ಬಂದವು, ತಮಿಳು ಮತ್ತು ತೆಲುಗು ಸೀಮೆಗಳಿಂದ ಸಾವಿರಾರು ಕೂಲಿಗಳು ಬಂದು ಲೈನ್ ಮನೆಗಳಲ್ಲಿ ತುಂಬಿಕೊಂಡರು. ಆಗ ಮೈಸೂರು ಸಂಸ್ಥಾನ ತನ್ನ ದುಡ್ಡಿನಲ್ಲೇ ಬೌರಿಂಗ್‌ಪೇಟೆಯಿಂದ ಗಣಿಗಳವರೆಗೆ 10 ಮೈಲಿ, ಅಂದರೆ 16 ಕಿ.ಮೀ. ಕವಲು ಮಾರ್ಗ ಹಾಕಿಸಿತು. ಓಡಿಸುವ ಕೆಲಸ ಮದ್ರಾಸ್ ರೈಲ್ವೆಗೆ. ಅಲ್ಲಿ ರೈಲು ಶುರುವಾದದ್ದು 1894ರಲ್ಲಿ.

ಸಂಸ್ಥಾನಕ್ಕೆ ಇದರಲ್ಲಿ ಏನು ಲಾಭ? ಗಣಿ ಕಂಪನಿಗಳು ತೆಗೆದ ಚಿನ್ನದ ಮೇಲೆ ರಾಯಧನ ಕಟ್ಟುತ್ತಿದ್ದವು. ಗಣಿ ಜಾಸ್ತಿ ನಡೆದರೆ ಖಜಾನೆಗೂ ಜಾಸ್ತಿ. ಲೆಕ್ಕ ಸುಲಭ.

ಚಿನ್ನ ಸಾಗಿಸೋಕೆ ರೈಲು ಹಾಕಿದರು ಅಂತ ನಮ್ಮ ಕಡೆ ಸುಮಾರು ಜನ ಹೇಳುತ್ತಾರೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಕೆಜಿಎಫ್‌ನಲ್ಲಿ 120 ವರ್ಷಗಳಲ್ಲಿ ತೆಗೆದ ಚಿನ್ನ ಹೆಚ್ಚುಕಡಿಮೆ 800 ಟನ್. ಈಗಿನ ಒಂದು ಕಲ್ಲಿದ್ದಲು ವ್ಯಾಗನ್ ಸುಮಾರು 60 ಟನ್ ಹೊರುತ್ತದೆ. ಅಂದರೆ ತೂಕದ ಲೆಕ್ಕದಲ್ಲಿ ಅಷ್ಟೂ ವರ್ಷಗಳ ಚಿನ್ನ 14 ವ್ಯಾಗನ್‌ಗೆ ಮುಗಿಯಿತು. ಒಂದು ಪೂರ್ತಿ ಗೂಡ್ಸ್ ರೈಲು ಕೂಡ ಆಗುವುದಿಲ್ಲ. ರೈಲು ಬೇಕಾಗಿದ್ದು ಹೊರಗೆ ಹೋಗುವ ಚಿನ್ನಕ್ಕಲ್ಲ, ಒಳಗೆ ಬರುವ ಸಾಮಾನಿಗೆ. ಭಾರಿ ಯಂತ್ರಗಳು, ಬಾಯ್ಲರ್ ಉರಿಸಲು ಕಲ್ಲಿದ್ದಲು, ಸುರಂಗ ಕುಸಿಯದಂತೆ ನಿಲ್ಲಿಸಲು ಮರದ ದಿಮ್ಮಿ, ಅಷ್ಟು ಜನಕ್ಕೆ ಅಕ್ಕಿ ಬೇಳೆ. ಶಿವನಸಮುದ್ರದ ಕರೆಂಟು ಕೆಜಿಎಫ್‌ಗೆ ಬಂದದ್ದೇ 1902ರಲ್ಲಿ. ಅಲ್ಲಿಯವರೆಗೆ ಎಲ್ಲಾ ಉಗಿಯ ಮೇಲೆ ನಡೆಯಬೇಕಿತ್ತು.

ಅದಕ್ಕೇ ಈ ಕವಲನ್ನು ಮೊದಲಿನಿಂದಲೇ ಬ್ರಾಡ್‌ಗೇಜ್‌ನಲ್ಲಿ, ಅಂದರೆ ಮುಖ್ಯ ಮಾರ್ಗದಷ್ಟೇ ಅಗಲದ ಹಳಿಯಲ್ಲಿ ಹಾಕಿದರು. ಮದ್ರಾಸ್ ಬಂದರಿನ ಕಡೆಯಿಂದ ಲೋಡ್ ಆಗಿ ಬಂದ ವ್ಯಾಗನ್ ನಡುವೆ ಎಲ್ಲೂ ಇಳಿಸಿ ಏರಿಸದೆ ಗಣಿಯ ಬಾಗಿಲಿಗೇ ಬರಬಹುದಿತ್ತು. ಇದರ ಬೆಲೆ ಏನು ಅಂತ ತಿಳಿಯಬೇಕಾದರೆ ಪಕ್ಕದ ಕೋಲಾರವನ್ನು ನೋಡಬೇಕು. ಹೆಸರಿಗೆ ಜಿಲ್ಲಾ ಕೇಂದ್ರ. ಅಲ್ಲಿಗೆ ಬಂಗಾರಪೇಟೆಯಿಂದ ರೈಲು ಹೋದದ್ದು 1913ರಲ್ಲಿ, ಅದೂ ಎರಡೂವರೆ ಅಡಿಯ ನ್ಯಾರೋಗೇಜ್. ಆಮೇಲೆ ಆ ಪುಟಾಣಿ ಹಳಿ ಚಿಂತಾಮಣಿ ಮೇಲೆ ಚಿಕ್ಕಬಳ್ಳಾಪುರ ಸೇರಿತು. 1990ರ ದಶಕದಲ್ಲಿ ಕೋಲಾರದವರೆಗೆ ಬ್ರಾಡ್‌ಗೇಜ್ ಆಯಿತು, ಕೆಲವು ವರ್ಷ ಅದರ ಮೇಲೆ ರೈಲ್‌ಬಸ್ ಓಡಾಡಿತು. ಕೋಲಾರದಿಂದ ಚಿಕ್ಕಬಳ್ಳಾಪುರದ ಭಾಗ ಮುಚ್ಚಿಹೋಗಿ, ಬ್ರಾಡ್‌ಗೇಜ್ ಆಗಿ ಮತ್ತೆ ತೆರೆಯುವ ಹೊತ್ತಿಗೆ 2013ರ ನವೆಂಬರ್ ಬಂದಿತ್ತು. ಒಂದೇ ಜಿಲ್ಲೆ, ಒಂದೇ ಜಂಕ್ಷನ್. ಗಣಿಯ ಕಡೆಗೆ ಒಂದು ನ್ಯಾಯ, ರಾಗಿ ರೇಷ್ಮೆಯ ಕಡೆಗೆ ಇನ್ನೊಂದು.

ಮಾರ್ಗದ ಸ್ಟೇಷನ್ ಹೆಸರುಗಳನ್ನು ಓದಿದರೆ ಇದು ಯಾರಿಗಾಗಿ ಹಾಕಿದ್ದು ಅಂತ ತಿಳಿಯುತ್ತದೆ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಊರುಗಳ ಮಧ್ಯೆ ಗಣಿಗಳ ಹೆಸರೂ ಸೇರಿಕೊಂಡಿವೆ. ಚಾಂಪಿಯನ್ ರೀಫ್ಸ್ ಅಂದರೆ 3 ಕಿ.ಮೀ.ಗಿಂತ ಆಳಕ್ಕೆ ಇಳಿದ ಗಣಿ, ಪ್ರಪಂಚದ ಅತಿ ಆಳದ ಗಣಿಗಳಲ್ಲಿ ಒಂದು. ಆಮೇಲೆ ಬೆಮೆಲ್ ನಗರ ಅನ್ನುವ ನಿಲ್ದಾಣವೂ ಸೇರಿತು. 1964ರಲ್ಲಿ ಶುರುವಾದ ಬೆಮೆಲ್‌ನ ಬುಲ್‌ಡೋಜರ್ ಕಾರ್ಖಾನೆ ಇಲ್ಲೇ ಇದೆ. ಸ್ಟೇಷನ್‌ಗಳು ಇಷ್ಟು ಹತ್ತಿರ ಹತ್ತಿರ ಇರುವುದೂ ಗಣಿಗಳ ಕೃಪೆಯೇ. ಪಟ್ಟಣದ ಯಾವ ಮೂಲೆಯವರಿಗಾದರೂ ನಡೆದು ಹೋಗುವಷ್ಟು ದೂರದಲ್ಲಿ ಒಂದು ಪ್ಲಾಟ್‌ಫಾರಂ ಸಿಗುತ್ತದೆ. ಬೆಂಗಳೂರಿನ ಎಷ್ಟೋ ಬಡಾವಣೆಗಳಿಗೆ ಈ ಭಾಗ್ಯ ಇಲ್ಲ.

ಸ್ವಾತಂತ್ರ್ಯದ ನಂತರದ ಕಥೆ ಗಣಿಯ ಇಳಿಗಾಲದ್ದು. 1956ರಲ್ಲಿ ಗಣಿಗಳು ಸರ್ಕಾರದ ಕೈಗೆ ಬಂದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಆಳಕ್ಕೆ ಹೋದಷ್ಟೂ ಖರ್ಚು ಜಾಸ್ತಿ, ಸಿಗುವ ಚಿನ್ನ ಕಡಿಮೆ. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದರು. ಸಾವಿರಾರು ಮನೆಗಳ ಸಂಬಳ ನಿಂತುಹೋಯಿತು.

ಸಾಮಾನ್ಯವಾಗಿ ಗಣಿ ಮುಚ್ಚಿದರೆ ಊರು ಖಾಲಿಯಾಗುತ್ತದೆ. ಕೆಜಿಎಫ್ ಖಾಲಿಯಾಗಲಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇರಬಹುದು, ಆದರೆ ನನ್ನ ಪ್ರಕಾರ ದೊಡ್ಡ ಕಾರಣ ಈ ಹಳಿಯೇ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡುವಷ್ಟು ಸಂಬಳ ಬರದವರಿಗೆ, ಕೆಜಿಎಫ್‌ನಲ್ಲೇ ಇದ್ದುಕೊಂಡು ತಿಂಗಳ ಪಾಸ್ ಮಾಡಿಸಿ ಓಡಾಡುವುದು ಸಾಧ್ಯವಾಯಿತು. ಸೆಕ್ಯುರಿಟಿ ಕೆಲಸದವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು, ಕಾಲೇಜು ಮಕ್ಕಳು, ಸಾಫ್ಟ್‌ವೇರ್‌ನವರು ಎಲ್ಲರೂ ಅದೇ ಡಬ್ಬಿಯಲ್ಲಿ. ಅಜ್ಜ ಸುರಂಗಕ್ಕೆ ಇಳಿದಿದ್ದರೆ ಮೊಮ್ಮಗಳು ವೈಟ್‌ಫೀಲ್ಡ್‌ನಲ್ಲಿ ಇಳಿಯುತ್ತಾಳೆ. ಊರಲ್ಲಿ ದುಡಿಮೆ ಇಲ್ಲದೆ ದಿನಕ್ಕೆ ನಾಲ್ಕೈದು ಗಂಟೆ ರೈಲಲ್ಲೇ ಕಳೆಯುವುದನ್ನು ಅನುಕೂಲ ಅಂತ ಕರೆಯಬೇಕಾಗಿ ಬಂದದ್ದು ಬೇರೆ ಮಾತು.

ಈ ಮಾರ್ಗಕ್ಕೆ ಮೆಮು, ಅಂದರೆ ಬೇರೆ ಇಂಜಿನ್ ಇಲ್ಲದೆ ಕರೆಂಟಿನಲ್ಲಿ ಓಡುವ ಲೋಕಲ್ ರೈಲು, ಯಾಕೆ ಹೊಂದುತ್ತದೆ ಅನ್ನೋದನ್ನೂ ಹೇಳಬೇಕು. ಮಾರಿಕುಪ್ಪಂನಲ್ಲಿ ಹಳಿ ಮುಗಿಯುತ್ತದೆ. ಮಾಮೂಲಿ ಪ್ಯಾಸೆಂಜರ್ ಆದರೆ ಇಂಜಿನ್ ಬಿಚ್ಚಿ, ಪಕ್ಕದ ಹಳಿಯಲ್ಲಿ ಸುತ್ತಿಸಿ, ಇನ್ನೊಂದು ತುದಿಗೆ ತಂದು ಕಟ್ಟಬೇಕು. ಮೆಮುಗೆ ಎರಡೂ ಕಡೆ ಡ್ರೈವರ್ ಕ್ಯಾಬಿನ್. ಡ್ರೈವರ್ ಈ ತುದಿಯಿಂದ ಆ ತುದಿಗೆ ಹೋದರೆ ಸಾಕು, ರೈಲು ವಾಪಸ್ ಹೊರಡಬಹುದು. ಮೋಟಾರು ಒಂದೇ ಇಂಜಿನ್‌ನಲ್ಲಿ ಇರದೆ ಹಲವು ಬೋಗಿಗಳಲ್ಲಿ ಹಂಚಿರುವುದರಿಂದ, ನಿಂತ ಕಡೆಯಿಂದ ಬೇಗ ವೇಗ ಹಿಡಿಯುತ್ತದೆ. ಎರಡು ಮೂರು ಕಿಲೋಮೀಟರಿಗೊಂದು ಸ್ಟೇಷನ್ ಇರುವಲ್ಲಿ ಇದು ನಿಮಿಷಗಟ್ಟಲೆ ಉಳಿಸುತ್ತದೆ.

ಉಳಿಸಿದ ನಿಮಿಷಗಳು ಹೋಗುವುದು ಬಂಗಾರಪೇಟೆ ದಾಟಿದ ಮೇಲೆ. ಅಲ್ಲಿಂದಾಚೆ ಚೆನ್ನೈ–ಬೆಂಗಳೂರು ಮುಖ್ಯ ಮಾರ್ಗ. ಶತಾಬ್ದಿ, ವಂದೇ ಭಾರತ್, ಕೇರಳದ ರೈಲುಗಳು, ದೇವನಗೊಂದಿಯ ಪೆಟ್ರೋಲ್ ಟ್ಯಾಂಕರ್‌ಗಳು, ವೈಟ್‌ಫೀಲ್ಡ್‌ನ ಕಂಟೇನರ್ ಗೂಡ್ಸ್, ಎಲ್ಲಕ್ಕೂ ಇರುವುದು ಒಂದು ಜೋಡಿ ಹಳಿ. ಎಕ್ಸ್‌ಪ್ರೆಸ್ ಹಿಂದೆ ಬಂತು ಅಂದರೆ ಲೋಕಲ್ ರೈಲನ್ನು ಲೂಪ್‌ಗೆ, ಅಂದರೆ ಸ್ಟೇಷನ್‌ನ ಪಕ್ಕದ ಹಳಿಗೆ ಹಾಕಿ ನಿಲ್ಲಿಸುತ್ತಾರೆ. ಆಫೀಸಿಗೆ ತಡವಾಗುವುದು ಅಲ್ಲೇ. ಕಂಟೋನ್ಮೆಂಟ್–ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿ ಮಾಡುವ ಯೋಜನೆ 1990ರ ದಶಕದಿಂದ ಕುಂಟುತ್ತಾ ಬಂದಿದೆ. ಅದು ಮುಗಿಯದೆ ಬಂಗಾರಪೇಟೆ ಕಡೆಗೆ ಹೊಸ ರೈಲು ಕೇಳುವುದು ಸುಮ್ನೆ ಅರ್ಜಿ ಬರೆದಂತೆಯೇ. ಆದರೂ ನಾವು ಕೇಳುತ್ತೇವೆ ಅನ್ನಿ.

ಕೋವಿಡ್ ಸಮಯದಲ್ಲಿ ಈ ರೈಲಿನ ಬೆಲೆ ಎಲ್ಲರಿಗೂ ಅರ್ಥವಾಯಿತು. 2020ರ ಮಾರ್ಚ್‌ನಲ್ಲಿ ದೇಶದ ಎಲ್ಲ ಪ್ಯಾಸೆಂಜರ್ ರೈಲು ನಿಂತವು. ಆಮೇಲೆ ಅವು ಸ್ಪೆಷಲ್ ಅನ್ನೋ ಹೆಸರಲ್ಲಿ ವಾಪಸ್ ಬಂದಾಗ 10 ರೂಪಾಯಿ ಇದ್ದ ಕನಿಷ್ಠ ದರ 30 ಆಗಿತ್ತು. ಒಂದೆರಡು ಸ್ಟೇಷನ್ ಆಚೆ ತರಕಾರಿ ಮಾರೋಕೆ ಹೋಗುವವರಿಗೆ ಇದು ದೊಡ್ಡ ಹೊಡೆತ. ಹಳೆ ದರ ಮತ್ತೆ ಬಂದದ್ದು 2024ರ ಫೆಬ್ರವರಿಯಲ್ಲಿ.

ಒಳ್ಳೆಯದಾಗಿದ್ದು ಮೆಟ್ರೊ. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗ ಬಂತು, ಅಕ್ಟೋಬರ್‌ನಲ್ಲಿ ನಡುವಿನ ಕೆ.ಆರ್. ಪುರ–ಬೈಯಪ್ಪನಹಳ್ಳಿ ತುಂಡೂ ಸೇರಿತು. ವೈಟ್‌ಫೀಲ್ಡ್ ಮೆಟ್ರೊ ಸ್ಟೇಷನ್ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಇದೆ. ಹಾಗಾಗಿ ಕೆಜಿಎಫ್ ರೈಲಿನಲ್ಲಿ ಬಂದವರು ಮೆಜೆಸ್ಟಿಕ್‌ವರೆಗೆ ಕೂರಲೇಬೇಕು ಅಂತಿಲ್ಲ.

ಸರ್ಕಾರದ ಸಬರ್ಬನ್ ಯೋಜನೆಗೆ ಬಂದರೆ, ಅದನ್ನು ಕಟ್ಟುವ ಕಂಪನಿ ಕೆ-ರೈಡ್‌ನ 148 ಕಿ.ಮೀ. ಮಾರ್ಗಗಳಿಗೆ 2020ರಲ್ಲಿ ಒಪ್ಪಿಗೆ ಸಿಕ್ಕಿ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ಅದರಲ್ಲಿ ನಮ್ಮ ಕಡೆಗೆ ಬರುವ ಪಾರಿಜಾತ ಮಾರ್ಗ ಕೆಂಗೇರಿಯಿಂದ ಹೊರಟು ವೈಟ್‌ಫೀಲ್ಡ್‌ಗೇ ನಿಲ್ಲುತ್ತದೆ. ಬಂಗಾರಪೇಟೆವರೆಗೆ ಎಳೆಯುವ ಮಾತು ಬಂದಿತ್ತು, ಮಾತಾಗಿಯೇ ಉಳಿದಿದೆ. ವೈಟ್‌ಫೀಲ್ಡ್‌ನಿಂದ ಆಚೆಗೆ ಸಬರ್ಬನ್ ಬೇಡ ಅನ್ನುವವರು ಬೆಳಗ್ಗೆ ಮಾಲೂರಿನಲ್ಲಿ ಒಮ್ಮೆ ರೈಲು ಹತ್ತಿ ನೋಡಬೇಕು, ಹತ್ತೋಕೆ ಜಾಗ ಸಿಕ್ಕರೆ.

ಇನ್ನೊಂದು ಕೆಲಸ ಬಾಕಿ ಇದೆ. ಮಾರಿಕುಪ್ಪಂನಿಂದ ಆಂಧ್ರದ ಕುಪ್ಪಂಗೆ ಸುಮಾರು 24 ಕಿ.ಮೀ. ಹೊಸ ಹಳಿ. ಕೋಲಾರದ ಆಗಿನ ಸಂಸದ ಕೆ.ಎಚ್. ಮುನಿಯಪ್ಪ ರೈಲ್ವೆ ರಾಜ್ಯ ಸಚಿವರಾಗಿದ್ದ ಕಾಲದ ಯೋಜನೆ ಇದು. ಇದು ಮುಗಿದರೆ ಮಾರಿಕುಪ್ಪಂ ಕೊನೆ ಸ್ಟೇಷನ್ ಆಗಿ ಉಳಿಯದೆ, ಚೆನ್ನೈ ಕಡೆಗೂ ದಾರಿಯಾಗುತ್ತದೆ. ದೂರದ ರೈಲುಗಳು ಕೆಜಿಎಫ್ ಮೇಲೆ ಓಡಬಹುದು ಅಂತ ವ್ಯಾಪಾರಿಗಳು ಆಸೆಯಿಂದ ಇದ್ದಾರೆ. ದಿನಾ ಓಡಾಡುವವರಲ್ಲಿ ಕೆಲವರಿಗೆ ಬೇರೆಯದೇ ಅನುಮಾನ. ಗೂಡ್ಸ್, ಎಕ್ಸ್‌ಪ್ರೆಸ್ ಎಲ್ಲಾ ಈ ಕಡೆ ತಿರುಗಿದರೆ ಊರಿಗಾಂನಲ್ಲೂ ನಮ್ಮ ಮೆಮುವನ್ನು ಲೂಪ್‌ಗೆ ಹಾಕುತ್ತಾರೇನೋ ಅಂತ. ಹೊಸ ಹಳಿ ಹಾಕುವಾಗಲೇ ಬಂಗಾರಪೇಟೆವರೆಗೆ ಜೋಡಿ ಹಳಿಯನ್ನೂ ಕೇಳಿ ಇಟ್ಟುಕೊಳ್ಳುವುದು ವಾಸಿ.