ಹುಂಜಾದ ಅಜ್ಜಂದಿರ ವಯಸ್ಸು ಮತ್ತು ಏಪ್ರಿಕಾಟ್ ಬೀಜ

ಹುಂಜಾ ಕಣಿವೆಯ ಜನ 120 ವರ್ಷ ಬದುಕುತ್ತಾರಂತೆ. ಕ್ಯಾನ್ಸರ್ ಅಂದ್ರೆ ಏನು ಅಂತಲೇ ಗೊತ್ತಿಲ್ಲವಂತೆ. 65ರಲ್ಲೂ ಹೆಂಗಸರು ಹೆರುತ್ತಾರಂತೆ. ಎಲ್ಲಕ್ಕೂ ಕಾರಣ ಅವರು ತಿನ್ನುವ ಏಪ್ರಿಕಾಟ್ ಬೀಜವಂತೆ. ಈ ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತದೆ. ಓದಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ: ಹುಟ್ಟಿದ ವರ್ಷ ಬರೆದಿಟ್ಟವರು ಯಾರು?

ಪಾಕಿಸ್ತಾನದ ಉತ್ತರ ತುದಿಯ ಗಿಲ್ಗಿಟ್-ಬಾಲ್ಟಿಸ್ತಾನದಲ್ಲಿದೆ ಈ ಹುಂಜಾ ಕಣಿವೆ. ಅಲ್ಲಿ ಕರೀಮಾಬಾದ್ ಅನ್ನೋ ಪುಟ್ಟ ಊರಿದೆ. ಹಳೆಯ ಹೆಸರು ಬಾಲ್ಟಿಟ್. ಎದುರಿಗೆ 7,788 ಮೀಟರ್ ಎತ್ತರದ ರಾಕಾಪೋಶಿ ಶಿಖರ, ನೆತ್ತಿಯ ಮೇಲೆ ಬಾಲ್ಟಿಟ್ ಕೋಟೆ. ಜನರಲ್ಲಿ ಹೆಚ್ಚಿನವರು ಶಿಯಾ ಮುಸ್ಲಿಮರ ಒಂದು ಪಂಥವಾದ ಇಸ್ಮಾಯಿಲಿಗಳು. ಆಡುವುದು ಬುರುಶಾಸ್ಕಿ. ಜಗತ್ತಿನ ಯಾವ ಭಾಷೆಯ ಜೊತೆಗೂ ಅದರ ನಂಟು ಸಾಬೀತಾಗಿಲ್ಲ. 1974ರವರೆಗೆ ಆಳಿದ್ದು ‘ಮೀರ್’ ಎಂಬ ಬಿರುದಿನ ದೊರೆಗಳು. ಹಿಂದೆ ಅಲ್ಲಿ ಜನನ ನೋಂದಣಿ ಎಂಬುದೇ ಇರಲಿಲ್ಲ. ಬಂದ ಅತಿಥಿಗಳಿಗೆ ಮುದುಕರ ವಯಸ್ಸು ಗೊತ್ತಾಗುತ್ತಿದ್ದದ್ದು ಬಾಯಿಮಾತಿನಿಂದ. ಮುಪ್ಪಿಗೆ ಮರ್ಯಾದೆ ಇರುವ ಕಡೆ ವಯಸ್ಸಿಗೆ ನಾಲ್ಕು ವರ್ಷ ಸೇರುವುದು ಸಹಜ ಅಲ್ವಾ? ಹೀಗೇ ಹೆಸರಾಗಿದ್ದ ಈಕ್ವೆಡಾರ್‌ನ ವಿಲ್ಕಬಾಂಬದಲ್ಲಿ ಮಾತ್ರ ದಾಖಲೆಗಳಿದ್ದವು. ಸಂಶೋಧಕರು ಅವನ್ನು ತಾಳೆ ಹಾಕಿ 1979ರಲ್ಲಿ ಫಲಿತಾಂಶ ಪ್ರಕಟಿಸಿದರು. ಶತಾಯುಷಿಗಳೆಂದು ಹೇಳಿಕೊಂಡವರಲ್ಲಿ ಒಬ್ಬರಿಗೂ ನೂರು ತುಂಬಿರಲಿಲ್ಲ.

ರೋಗವೇ ಇಲ್ಲ ಅನ್ನೋದು ಇನ್ನೂ ದೊಡ್ಡ ಸುಳ್ಳು. 1950ರಲ್ಲಿ ಹುಂಜಾದಲ್ಲಿ ನೆಲೆಸಿದ್ದ ಅಮೆರಿಕದ ಭೂವಿಜ್ಞಾನಿ ಜಾನ್ ಕ್ಲಾರ್ಕ್ ಅಲ್ಲೊಂದು ಸಣ್ಣ ಔಷಧಾಲಯ ನಡೆಸಿದರು. ಮಲೇರಿಯಾ, ಆಮಶಂಕೆ, ಜಂತುಹುಳ ಎಲ್ಲಕ್ಕೂ ಜನ ಸಾಲುಗಟ್ಟಿದರು. ಇಂದಿನ ಆರೋಗ್ಯ ಗುರುಗಳು ಹೊಗಳುವ ‘ಹುಂಜಾ ಉಪವಾಸ’ದ ಅಸಲಿಯತ್ತೂ ಅಷ್ಟೇ. ಹೊಸ ಫಸಲು ಬರುವ ಮುಂಚೆ ಮನೆಯ ಹಿಟ್ಟು ಮುಗಿಯುತ್ತಿತ್ತು. ಅದು ಹಸಿವು, ವ್ರತವಲ್ಲ.

ಈ ಕಥೆಗೆ ಬೀಜ ಬಿತ್ತಿದ್ದು ಬ್ರಿಟಿಷ್ ವೈದ್ಯ ರಾಬರ್ಟ್ ಮೆಕ್ಯಾರಿಸನ್. ಮುಂದೆ ನೀಲಗಿರಿಯ ಕೂನೂರಿನಲ್ಲಿ ಇಲಿಗಳಿಗೆ ಬಗೆಬಗೆಯ ಭಾರತೀಯ ಊಟ ತಿನ್ನಿಸಿ ಪೋಷಣೆ ಪರೀಕ್ಷಿಸಿದವರು ಇವರೇ. ಹುಂಜಾದವರ ಗಟ್ಟಿ ಮೈಕಟ್ಟನ್ನು ಮೆಚ್ಚಿ ಬರೆದರು, ನಿಜ. ಆದರೆ ಗಿಲ್ಗಿಟ್‌ನಲ್ಲಿದ್ದಾಗ ಅವರು ತಲೆಕೆಡಿಸಿಕೊಂಡು ಅಧ್ಯಯನ ಮಾಡಿದ್ದು ಗಳಗಂಡವನ್ನು, ಅಂದರೆ ಥೈರಾಯ್ಡ್ ಗ್ರಂಥಿ ಊದುವ ರೋಗವನ್ನು! ಕಾರಣ ನೀರಿನಲ್ಲಿದೆಯೇ ಅಂತ ಕೊಳಕು ನೀರಿನ ಗಸಿಯನ್ನು ತಾವೇ ಕುಡಿದೂ ನೋಡಿದರು. ಹಿಮನದಿಗಳು ಉಜ್ಜಿ ತೊಳೆದ ಮಣ್ಣಿನಲ್ಲಿ ಅಯೋಡಿನ್ ಕಡಿಮೆ. ಹಾಗಾಗಿ ಅಂಥ ಕಣಿವೆಗಳಲ್ಲಿ ಗಂಟಲು ಊದುವುದು ಜಾಸ್ತಿ.

ಈಗ ಏಪ್ರಿಕಾಟ್ ಬೀಜದ ವಿಷಯ. ಕ್ಯಾನ್ಸರ್ ತಡೆಯುವ ‘ವಿಟಮಿನ್ ಬಿ17’ ಅಂತ ಮಾರುತ್ತಾರಲ್ಲ, ಅದರ ಹೆಸರು ಅಮಿಗ್ಡಲಿನ್. ಅದು ವಿಟಮಿನ್ ಅಲ್ಲವೇ ಅಲ್ಲ. ಕಹಿ ಬೀಜದೊಳಗೆ ಅಮಿಗ್ಡಲಿನ್ ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಸುಮ್ನೆ ಕೂತಿರುತ್ತವೆ. ಎಲೆ ಅಡಿಕೆಗೆ ಸುಣ್ಣ ಕೂಡಿದಾಗಲೇ ಬಾಯಿ ಕೆಂಪಾಗುವ ಹಾಗೆ, ಅಗಿದಾಗ ಎರಡೂ ಬೆರೆತು ಕೆಲಸ ಶುರುವಾಗುತ್ತದೆ. ಹುಟ್ಟುವುದು ಮೂರು: ಗ್ಲೂಕೋಸ್, ಬಾದಾಮಿ ವಾಸನೆಯ ಬೆಂಜಾಲ್ಡಿಹೈಡ್, ಜೊತೆಗೆ ಹೈಡ್ರೋಜನ್ ಸಯನೈಡ್. ಸಯನೈಡ್ ಹೋಗಿ ಜೀವಕೋಶಗಳ ಮೈಟೋಕಾಂಡ್ರಿಯಾದಲ್ಲಿ ಆಮ್ಲಜನಕ ಬಳಸುವ ಕೊನೆಯ ಕಿಣ್ವಕ್ಕೆ ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿರುತ್ತದೆ, ಕೋಶಕ್ಕೆ ದಕ್ಕುವುದಿಲ್ಲ. ಚೂರುಪಾರು ಸಯನೈಡನ್ನು ದೇಹ ಥಯೋಸಯನೇಟ್ ಮಾಡಿ ಸಾಗಹಾಕುತ್ತದೆ. ಅದಾದರೋ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಹೋಗದಂತೆ ಅಡ್ಡ ನಿಲ್ಲುತ್ತದೆ. ಮೊದಲೇ ಅಯೋಡಿನ್ ಬರ ಇರುವ ಕಣಿವೆಗೆ ಎಂಥ ಔಷಧಿ ನೋಡಿ!

ಅಮೆರಿಕದಲ್ಲಿ ಈ ಅಮಿಗ್ಡಲಿನ್ ಅನ್ನು 178 ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದರು. 1982ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಯಾರ ರೋಗವೂ ವಾಸಿಯಾಗಲಿಲ್ಲ. ಕೆಲವರ ರಕ್ತದಲ್ಲಿ ಸಯನೈಡ್ ಮಾತ್ರ ಅಪಾಯದ ಹತ್ತಿರಕ್ಕೆ ಏರಿತ್ತು.