ಮೆಲ್ಲಗೆ ಒತ್ತಿದರೆ ಕ, ಆಳಕ್ಕೆ ಒತ್ತಿದರೆ ಖ: ಕೀಲಿ ಸ್ವಿಚ್‌ಗಳ ಕೆಲವು ವಿಚಿತ್ರ ವಿನ್ಯಾಸಗಳು

ಮೆಕ್ಯಾನಿಕಲ್ ಕೀಲಿಮಣೆಯಲ್ಲಿ ಪ್ರತಿ ಕೀಲಿಗೂ ಅದರದೇ ಸ್ಪ್ರಿಂಗ್ ಇರುವ ಒಂದು ಸ್ವಿಚ್ ಇರುತ್ತದೆ. ಚೆರ್ರಿ ಕಂಪನಿಯ ಎಂಎಕ್ಸ್ ಕೆಂಪು ಸ್ವಿಚ್ಚನ್ನು ಮಾದರಿಯಾಗಿಟ್ಟುಕೊಂಡರೆ, ಕೀಲಿ ಒಟ್ಟು 4 ಮಿ.ಮೀ. ಕೆಳಗಿಳಿಯುತ್ತದೆ, ಸುಮಾರು 45 ಸೆಂಟಿನ್ಯೂಟನ್ ಬಲಕ್ಕೆ 2 ಮಿ.ಮೀ. ಇಳಿದೊಡನೆ ಒಳಗಿನ ಲೋಹದ ಪಟ್ಟಿಗಳು ಕೂಡಿ ಅಕ್ಷರ ಮೂಡುತ್ತದೆ. ಉಳಿದ 2 ಮಿ.ಮೀ. ಕಂಪ್ಯೂಟರಿನ ಲೆಕ್ಕಕ್ಕೇ ಬರುವುದಿಲ್ಲ. ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತ, ಸಂಜೆ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪಿಂಗ್ ಕಲಿಯುತ್ತಿರುವ ನಮ್ಮಂಥವರಿಗೆ ಹೆಚ್ಚು ಉಪಯೋಗಕ್ಕೆ ಬರಬಹುದಾದದ್ದು ಈ ವ್ಯರ್ಥ ಜಾಗವೇ.

ಸದ್ದಿನ ವಿಷಯದಲ್ಲಿ ಹಿಂದಿನವರು ಸಾಕಷ್ಟು ಆಟವಾಡಿದ್ದಾರೆ. ಐಬಿಎಂನ ಮಾಡೆಲ್ ಎಂ ಕೀಲಿಮಣೆಯಲ್ಲಿ ಸ್ಪ್ರಿಂಗ್ ಪಕ್ಕಕ್ಕೆ ಬಾಗಿ ಬೀಳುವ ಕ್ಷಣದಲ್ಲೇ ಅಕ್ಷರ ದಾಖಲಾಗಿ ಸದ್ದೂ ಹುಟ್ಟುತ್ತಿತ್ತು. ಚೆರ್ರಿಯ ನೀಲಿ ಸ್ವಿಚ್ಚಿನಲ್ಲಿ ಒಳಗಿನ ಪುಟ್ಟ ಜಾರುತುಂಡು ಒಮ್ಮೆಲೇ ಕೆಳಕ್ಕೆ ಜಿಗಿದು ಬಡಿಯುವುದರಿಂದ ಟಿಕ್ಕೆನ್ನುತ್ತದೆ. ಐಬಿಎಂನ ಕೆಲವು ಹಳೆಯ ಟರ್ಮಿನಲ್‌ಗಳಲ್ಲಂತೂ ಟೈಪ್‌ರೈಟರಿನ ಸದ್ದಿಗೆಂದೇ ಒಂದು ಸೊಲೆನಾಯ್ಡ್ (ವಿದ್ಯುತ್ ಹರಿದಾಗ ಒಳಗಿನ ಸರಳನ್ನು ಎಳೆಯುವ ತಂತಿಸುರುಳಿ) ಅಳವಡಿಸಿದ್ದರು. ಸದ್ದು ಮಾಡುವುದರ ಹೊರತು ಅದಕ್ಕೆ ಬೇರೆ ಕೆಲಸವೇ ಇರಲಿಲ್ಲ.

ಈಗ ಆ ಉಳಿದ 2 ಮಿ.ಮೀ.ಗೆ ಬರೋಣ. ಹಾಲ್ ಪರಿಣಾಮದ ಸ್ವಿಚ್ಚಿನಲ್ಲಿ ಪಟ್ಟಿಗಳ ಬದಲು ಕೀಲಿಯ ತಳದಲ್ಲೊಂದು ಅಯಸ್ಕಾಂತವಿದ್ದು, ಅದು ಎಷ್ಟು ಸಮೀಪಿಸಿತೆಂಬುದನ್ನು ಸಂವೇದಕ ಸತತವಾಗಿ ಅಳೆಯುತ್ತದೆ. ನುಡಿ ವಿನ್ಯಾಸದಲ್ಲಿ ‘ಕೆ’ ಒತ್ತಿದರೆ ಕ, ಶಿಫ್ಟ್ ಜೊತೆಗೆ ಒತ್ತಿದರೆ ಖ. ಆಳವನ್ನೇ ಅಳೆಯುವುದಾದರೆ ಶಿಫ್ಟ್ ಏಕೆ ಬೇಕು? ಅರ್ಧ ಒತ್ತಿದರೆ ಅಲ್ಪಪ್ರಾಣ, ಪೂರ್ತಿ ಒತ್ತಿದರೆ ಮಹಾಪ್ರಾಣ ಎಂದು ನಿಗದಿಪಡಿಸಬಹುದು.

ತೊಡಕೇನೆಂದರೆ, ಖ ತಲುಪಬೇಕಾದ ಬೆರಳು ದಾರಿಯಲ್ಲಿ ಕ ದಾಟಿಯೇ ಹೋಗಬೇಕು. ಆದ್ದರಿಂದ ಇಳಿಯುವಾಗ ಅಕ್ಷರವನ್ನು ಕಳಿಸದೆ, ಕೀಲಿ ಮೇಲೇರತೊಡಗಿದಾಗ ಅದು ಮುಟ್ಟಿದ ಗರಿಷ್ಠ ಆಳವನ್ನು ನೋಡಿ ತೀರ್ಮಾನಿಸಬೇಕು. ವೇಗವಾಗಿ ಟೈಪಿಸುವವರು ಒಂದು ಕೀಲಿ ಬಿಡುವ ಮೊದಲೇ ಮುಂದಿನದನ್ನು ಒತ್ತುತ್ತಾರಾದ್ದರಿಂದ, ಒತ್ತಿದ ಅನುಕ್ರಮದಲ್ಲೇ ಅಕ್ಷರಗಳನ್ನು ಸಾಲಿನಲ್ಲಿ ಕಾಯಿಸದಿದ್ದರೆ ‘ಕಲ’ ಹೋಗಿ ‘ಲಕ’ ಆದೀತು. ಇನ್ನೂ ದೊಡ್ಡ ಸಮಸ್ಯೆ ನಮ್ಮ ಬೆರಳುಗಳದ್ದು: ಬಹಳಷ್ಟು ಜನ ಪ್ರತಿ ಕೀಲಿಯನ್ನೂ ತಳ ಮುಟ್ಟುವಂತೆ ಕುಟ್ಟುವುದರಿಂದ ತುಮಕೂರು ‘ಥುಮಖೂರು’ ಆಗುತ್ತದೆ. ಇದಕ್ಕೆ ತಂತ್ರಾಂಶದಲ್ಲಿ ಪರಿಹಾರ ಹುಡುಕುವುದಕ್ಕಿಂತ, 2.5 ಮಿ.ಮೀ. ಆಳದಿಂದ ಎರಡನೆಯ, ಗಟ್ಟಿಯಾದ ಸ್ಪ್ರಿಂಗ್ ತಡೆಯುವಂತೆ ಮಾಡುವುದೇ ಲೇಸೆಂದು ನನ್ನ ಅಭಿಪ್ರಾಯ; ಕ್ಯಾಮೆರಾದ ಗುಂಡಿಯಲ್ಲಿರುವಂತೆ ಅರ್ಧದಲ್ಲಿ ಬೆರಳಿಗೊಂದು ಮೆಟ್ಟಿಲು ಸಿಗಬೇಕು. ಮಹಾಪ್ರಾಣಕ್ಕೆ ಸ್ವಲ್ಪ ಹೆಚ್ಚು ಬಲ ಬೇಕಾಗುವುದು ಉಚ್ಚಾರಣೆಗೂ ಹೊಂದುವ ಮಾತೇ.

ಎರಡನೆಯ ಆಲೋಚನೆ ಅಗ್ಗದ್ದು. ನುಡಿಯಲ್ಲಿ ಒತ್ತಕ್ಷರಕ್ಕೆ ‘ಎಫ್’ ಬೇಕು. ‘ಅಮ್ಮ’ ಎಂಬಲ್ಲಿ ಎರಡು ಮ ಗಳ ನಡುವೆ ಅದು ಬರುತ್ತದೆ. ಉಳಿದೆಲ್ಲ ಕೀಲಿಗಳಿಗೆ ಸದ್ದಿಲ್ಲದ ಕೆಂಪು ಸ್ವಿಚ್ ಇಟ್ಟು, ಅದೊಂದಕ್ಕೆ ಮಾತ್ರ ನೀಲಿ ಸ್ವಿಚ್ ಹಾಕಿದರೆ ಪ್ರತಿ ಒತ್ತಕ್ಷರಕ್ಕೂ ಟಿಕ್ ಕೇಳುತ್ತದೆ, ಬಿಟ್ಟುಹೋದ ಒತ್ತು ಕಿವಿಗೇ ಗೊತ್ತಾಗುತ್ತದೆ. ಸ್ವಿಚ್ಚನ್ನು ಕಿತ್ತು ಬದಲಿಸಬಹುದಾದ ಹಾಟ್‌ಸ್ವಾಪ್ ಕೀಲಿಮಣೆಯಿದ್ದರೆ ಬೆಸುಗೆಯೂ ಬೇಡ. ಕೊಳ್ಳುವಾಗ ಸ್ವಿಚ್ಚಿನ ಕಾಲುಗಳನ್ನು ನೋಡಿಕೊಳ್ಳಿ: 3 ಕಾಲಿನ ಸಾಕೆಟ್‌ಗೆ 5 ಕಾಲಿನದನ್ನು ಕೂರಿಸಬೇಕಾದರೆ ಎರಡು ಪ್ಲಾಸ್ಟಿಕ್ ಕಾಲುಗಳನ್ನು ಕತ್ತರಿಸಬೇಕಾಗುತ್ತದೆ.