ಜಲ್ಲಿಗೂ ಒಟ್ಟು ಅಂಕಕ್ಕೂ ‘ಅಗ್ರಿಗೇಟ್’ ಎಂಬ ಒಂದೇ ಹೆಸರೇಕೆ?

ಪ್ರಶ್ನೆ: ಸಿವಿಲ್ ಎಂಜಿನಿಯರುಗಳು ಜಲ್ಲಿಯನ್ನು ಅಗ್ರಿಗೇಟ್ ಎನ್ನುತ್ತಾರೆ, ಪರೀಕ್ಷೆಯ ಒಟ್ಟು ಅಂಕಗಳಿಗೂ ಅದೇ ಹೆಸರಿದೆ. ಇವೆರಡಕ್ಕೂ ಏನು ಸಂಬಂಧ?

ಉತ್ತರ: ಮೂಲ ಒಂದೇ. ಮಂದೆ ಎಂಬ ಅರ್ಥದ ‘ಗ್ರೆಕ್ಸ್’ ಎಂಬ ಲ್ಯಾಟಿನ್ ಪದದಿಂದ ಹುಟ್ಟಿದ ಈ ಮಾತಿನ ಮೊದಲ ಅರ್ಥ ಒಂದೆಡೆ ಕೂಡಿಸುವುದು. ಕೂಡಿಸಿದ ಮೇಲೆ ಬಿಡಿ ಭಾಗಗಳು ಉಳಿಯುತ್ತವೆಯೇ, ಕರಗಿಹೋಗುತ್ತವೆಯೇ ಎಂಬಲ್ಲಿ ಅರ್ಥಗಳು ಕವಲೊಡೆಯುತ್ತವೆ.

ಕಾಂಕ್ರೀಟಿನಲ್ಲಿ ಅವು ಉಳಿಯುತ್ತವೆ. ನೀರು ಬೆರೆತ ಸಿಮೆಂಟು ಗಟ್ಟಿಯಾಗುತ್ತ ಹಿಡಿದಿಡುವ ಮರಳು ಮತ್ತು ಜಲ್ಲಿಯೇ ಅಗ್ರಿಗೇಟ್. ಸಾಮಾನ್ಯ ಕಾಂಕ್ರೀಟಿನ ಗಾತ್ರದಲ್ಲಿ ಸುಮಾರು ಶೇ. 60ರಿಂದ 75ರಷ್ಟು ಪಾಲು ಇವುಗಳದೇ. 4.75 ಮಿ.ಮೀ. ಜರಡಿಯಲ್ಲಿ ಇಳಿಯುವುದು ಸಣ್ಣ ಅಗ್ರಿಗೇಟ್, ಮೇಲೆ ನಿಲ್ಲುವುದು ದಪ್ಪ ಅಗ್ರಿಗೇಟ್. ಬೇರೆ ಬೇರೆ ಗಾತ್ರದ ಕಲ್ಲುಗಳು ಹದವಾಗಿ ಬೆರೆತಿದ್ದರೆ ದೊಡ್ಡವುಗಳ ನಡುವಿನ ಸಂದುಗಳನ್ನು ಸಣ್ಣವು ತುಂಬುತ್ತವೆ, ಆದ್ದರಿಂದ ಕಡಿಮೆ ಸಿಮೆಂಟು ಸಾಕಾಗುತ್ತದೆ. ಒಡೆದ ಕಾಂಕ್ರೀಟಿನ ಮುಖದಲ್ಲಿ ಒಂದೊಂದು ಕಲ್ಲೂ ಬೇರೆಯಾಗಿ ಕಾಣುವುದನ್ನು ಯಾರಾದರೂ ನೋಡಬಹುದು.

ಮಣ್ಣಿನ ವಿಜ್ಞಾನದಲ್ಲಿ, ಜೇಡಿ, ಗೋಡು ಮತ್ತು ಮರಳಿನ ಕಣಗಳು ಸಾವಯವ ಅಂಶ ಹಾಗೂ ಶಿಲೀಂಧ್ರದ ಎಳೆಗಳಿಂದ ಅಂಟಿಕೊಂಡು ಆದ ಸಣ್ಣ ಉಂಡೆಗಳಿಗೆ ಈ ಹೆಸರು. ಒಣಗಿದ ಹೆಂಟೆಯೊಂದನ್ನು ನೀರಿಗೆ ಬಿಟ್ಟಾಗ ಅದು ಕ್ಷಣದಲ್ಲೇ ಕುಸಿದು ಕೆಸರಾದರೆ ಅಂಟು ದುರ್ಬಲವೆಂದೂ, ಆಕಾರ ಉಳಿಸಿಕೊಂಡರೆ ರಚನೆ ಗಟ್ಟಿಯೆಂದೂ ತಿಳಿಯುತ್ತದೆ. ಸಸ್ಯಶಾಸ್ತ್ರದಲ್ಲಿ, ಒಂದೇ ಹೂವಿನ ಹಲವು ಬಿಡಿ ಅಂಡಾಶಯಗಳು ಸೇರಿ ಆಗುವ ಸೀತಾಫಲ, ರಾಸ್ಪ್‌ಬೆರಿಯಂಥವು ಅಗ್ರಿಗೇಟ್ ಹಣ್ಣುಗಳು. ಹಲವು ಹೂಗಳಿಂದಾಗುವ ಹಲಸು ಈ ಗುಂಪಿಗೆ ಸೇರದು.

ಲೆಕ್ಕದ ಲೋಕದಲ್ಲಿ ಸಂಗತಿ ತಿರುವುಮುರುವು: ಅಲ್ಲಿ ಉಳಿಯುವುದು ಮೊತ್ತ ಮಾತ್ರ. ಒಟ್ಟು ಅಂಕವನ್ನಷ್ಟೇ ನೋಡಿ ಯಾವ ವಿಷಯದಲ್ಲಿ ಎಷ್ಟು ಬಂದಿತ್ತೆಂದು ಹೇಳಲಾಗದು. ಅರ್ಥಶಾಸ್ತ್ರದ ಒಟ್ಟು ಬೇಡಿಕೆಯೂ ಹೀಗೆಯೇ. ಅನುಭೋಗ, ಹೂಡಿಕೆ, ಸರ್ಕಾರಿ ವೆಚ್ಚ ಮತ್ತು ನಿವ್ವಳ ರಫ್ತು ನಾಲ್ಕೂ ಅದರೊಳಗೆ ಒಂದಾಗಿರುತ್ತವೆ. ಫುಟ್‌ಬಾಲಿನಲ್ಲಿ ಎರಡು ಪಂದ್ಯಗಳ ಗೋಲುಗಳನ್ನು ಕೂಡಿಸಿ ಗೆದ್ದವರನ್ನು ನಿರ್ಧರಿಸುವುದೂ ಇದೇ ಬಗೆಯದು.

ನನಗೆ ಹೆಚ್ಚು ಎಚ್ಚರ ಬೇಕೆನಿಸುವುದು ಡೇಟಾಬೇಸಿನಲ್ಲಿ. ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ಹಲವು ಸಾಲುಗಳಿಂದ ಒಂದೇ ಮೌಲ್ಯ ಕೊಡುವ ಲೆಕ್ಕಗಳಿಗೆ ಅಗ್ರಿಗೇಟ್ ಫಂಕ್ಷನ್ ಎಂದು ಹೆಸರು. ಅವುಗಳಲ್ಲೊಂದಾದ ಸರಾಸರಿ ಫಂಕ್ಷನ್ ಖಾಲಿ ಮೌಲ್ಯಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 10 ಸಾಲುಗಳಲ್ಲಿ 2 ಖಾಲಿಯಿದ್ದರೆ ಮೊತ್ತವನ್ನು 8ರಿಂದ ಭಾಗಿಸುತ್ತದೆ. ಖಾಲಿ ಎಂದರೆ ಸೊನ್ನೆ ಎಂದುಕೊಂಡವರಿಗೆ ಸರಾಸರಿ ನಿರೀಕ್ಷೆಗಿಂತ ಭಿನ್ನವಾಗಿ ಬರುವುದು ಇದರಿಂದಲೇ.